ಕಾರುಕರಕ್ಷಣ

ಮನೆಯೆಂಬುದು ಸುಸ್ಥಿತಿಯಲ್ಲಿರುವಷ್ಟು ಕಾಲ ಯಜಮಾನನ ಕಣ್ಣಿಗೆ ಬೀಳುವುದಿಲ್ಲ. ದೇಹದಲ್ಲಿ ನೋವು ಹುಟ್ಟಿದಾಗಲೇ ಆಯಾ ಅಂಗದ ನೆನಪಾಗುವಂತೆ, ಸೋರುವಾಗ ಮಾಡಿನ ನೆನಪು, ಬಿರಿದಾಗ ಗೋಡೆಯ ನೆನಪು. ನಮ್ಮ ಮಲೆನಾಡಿನಲ್ಲಿ ಈ ನೆನಪು ಪ್ರತಿ ವರ್ಷವೂ ವೈಶಾಖದಲ್ಲಿ ತಪ್ಪದೆ ಹುಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು ಹೊಸದನ್ನಿಡಬೇಕು. ಗೆದ್ದಲು ಹಿಡಿದ ರೀಪುಗಳನ್ನು ಬದಲಾಯಿಸಬೇಕು. ಹಿಂದೆ ಈ ಕೆಲಸವನ್ನು ಮನೆಯವರೇ ನೆರೆಹೊರೆಯವರೊಡನೆ ಸೇರಿ ಮಾಡಿಕೊಳ್ಳುತ್ತಿದ್ದರು. ಈಗ ಮನೆಗಳಲ್ಲಿ ಉಳಿದಿರುವವರು ನನ್ನಂಥ ಅರುವತ್ತು ದಾಟಿದವರು. ಏಣಿ ಹತ್ತುವುದಿರಲಿ, ಏಣಿ ಹತ್ತುವವರನ್ನು ಕೆಳಗಿನಿಂದ ನೋಡಿದರೂ ನಮಗೆ ತಲೆ ತಿರುಗುತ್ತದೆ. ಆದಕಾರಣ ಗುತ್ತಿಗೆದಾರರ ಮೊರೆಹೋಗುವುದೊಂದೇ ಗತಿ.

ನಮ್ಮ ಮನೆ ನನ್ನ ಅಜ್ಜ ಕಟ್ಟಿಸಿದ್ದು. ಮಾಡಿಗೆ ಹೊದಿಸಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟವನ್ನೇರಿ ಮೇಲಕ್ಕೂ ಬಂದಿತು. ಅಜ್ಜನು ಅದನ್ನು ಎತ್ತಿನ ಗಾಡಿಗಳಲ್ಲಿ ತರಿಸಿದ ಕಥೆಯನ್ನು ನಾವು ಮಕ್ಕಳೆಲ್ಲ ಕೇಳಿ ಬೆಳೆದವರು. ಮಾಡಿನ ಕೆಳಗೆ ಹಲಸಿನ ಹಲಗೆಯ ಮುಚ್ಚಿಗೆ. ಮುಚ್ಚಿಗೆಯ ಕೆಳಗೆ ನಾನು ಓದಿಕೊಂಡಿರುವ ಕೋಣೆ. ಕೋಣೆಯ ಗೋಡೆಗೆ ಒರಗಿದಂತೆ ಎರಡು ಪುಸ್ತಕದ ಬೀರುಗಳು.

ಕಳೆದ ವರ್ಷ ಈ ಕೆಲಸಕ್ಕಾಗಿ ಒಬ್ಬ ಗುತ್ತಿಗೆದಾರರನ್ನು ಗೊತ್ತುಮಾಡಿದೆ. ಕೂಲಿ, ಹೊಸ ಹೆಂಚು, ರೀಪು ಎಲ್ಲವೂ ಸೇರಿ 48,000 ರೂಪಾಯಿ ಎಂದು ಮಾತಾಯಿತು. 30,000 ರೂಪಾಯಿಗಳನ್ನು ಮುಂಗಡವಾಗಿ ಕೊಟ್ಟೆ. ಕಾಗದ ಪತ್ರ ಏನೂ ಇಲ್ಲ. “ನಮ್ಮಲ್ಲಿ ಮಾತೇ ಪತ್ರ, ಮೇಷ್ಟ್ರೇ” ಎಂದರು ಅವರು. ಮೂವತ್ತು ವರ್ಷ ಮಕ್ಕಳಿಗೆ ಸತ್ಯವಾಕ್ಯದ ಮಹಿಮೆಯನ್ನು ಬೋಧಿಸಿದ ನಾನು ಅದಕ್ಕೆ ಎದುರಾಡುವುದು ಹೇಗೆ? ಚೈತ್ರದಲ್ಲಿ ಬರುತ್ತೇನೆಂದವರು ವೈಶಾಖದ ಕೊನೆಗೆ, ಕೃತ್ತಿಕೆಯ ಮೋಡಗಳು ಮುಖ ತೋರುತ್ತಿದ್ದಾಗ, ಇಬ್ಬರು ಕೆಲಸಗಾರರನ್ನು ಕಳುಹಿಸಿದರು. ಇಬ್ಬರೂ ಬಯಲುಸೀಮೆಯವರು. ಒಬ್ಬನು ನಡುವಯಸ್ಸಿನವನು, ಇನ್ನೊಬ್ಬನಿಗೆ ಮೀಸೆ ಆಗತಾನೆ ಚಿಗುರುತ್ತಿತ್ತು.

ಮೂರನೆಯ ದಿನ ಸಂಜೆ ಅವರು ಕೆಲಸ ಬಿಟ್ಟು ಹೊರಟಾಗ ನನ್ನ ಕೋಣೆಯ ನೇರಕ್ಕೆ ಮಾಡು ಇನ್ನೂ ತೆರೆದೇ ಇತ್ತು. ಅದರ ಮೇಲೊಂದು ಟಾರ್ಪಾಲನ್ನು ಹೊದಿಸಿದರು. ಒಂದು ಕಡೆ ಹಗ್ಗ ಬಿಗಿದಿದ್ದರು. ಇನ್ನೊಂದು ಕಡೆಗೆ ನಾಲ್ಕು ಹೆಂಚುಗಳನ್ನು ಹೇರಿ ಇಳಿದಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿ ಎದ್ದಿತು; ಬೆನ್ನಿಗೇ ಮಳೆ. ಹೆಂಚುಗಳು ಜಾರಿ ಅಂಗಳಕ್ಕೆ ಬಿದ್ದ ಸದ್ದಿಗೆ ನಾವು ಎಚ್ಚೆತ್ತೆವು. ದೀಪ ಹಚ್ಚುವಷ್ಟರಲ್ಲಿ ದೀಪವೇ ಹೋಯಿತು. ಬ್ಯಾಟರಿಯ ಬೆಳಕಿನಲ್ಲಿ ನಾನು ಕಂಡದ್ದು ಮುಚ್ಚಿಗೆಯ ಸಂದುಗಳಿಂದ ಬೀರುವಿನ ನೆತ್ತಿಯ ಮೇಲೆ ನೀರು ಹಗ್ಗದಂತೆ ಇಳಿಯುತ್ತಿದ್ದ ನೋಟ. ದಿಕ್ಕು ತೋಚದೆ ನಾನು ಇಂಥ ವಿಷಯದಲ್ಲಿ ಹೊಣೆ ಯಾರದೆಂಬುದನ್ನು ಕುರಿತು ಏನೋ ಗೊಣಗಿದೆನಂತೆ. “ನಿಮ್ಮ ಶಾಸ್ತ್ರ ಬೆಳಗ್ಗೆ ಆಗಲಿ, ಮೊದಲು ಪುಸ್ತಕ ಇಳಿಸಿ” ಎಂದಳು ನನ್ನ ಹೆಂಡತಿ. ಆ ರಾತ್ರಿ ಆಡಿದ ಮಾತುಗಳಲ್ಲಿ ಪ್ರಯೋಜನಕ್ಕೆ ಬಂದದ್ದು ಅದೊಂದೇ.

ಬೆಳಗಾದ ಮೇಲೆ ಹಾನಿಯ ಪಟ್ಟಿಮಾಡಿದೆವು. ಮುಚ್ಚಿಗೆಯ ಮೂರು ಹಲಗೆಗಳು ಬಾಗಿದ್ದವು. ಗೋಡೆಯ ಗಾರೆ ಒಂದಾಳೆತ್ತರ ಕಳಚಿ ಬಿದ್ದಿತ್ತು. ಕೋಣೆಯ ಮೂಲೆಯಲ್ಲಿಟ್ಟಿದ್ದ ಇನ್ವರ್ಟರು ಸತ್ತಿತ್ತು. ಅಚ್ಚಾದ ಪುಸ್ತಕಗಳು ಉಬ್ಬಿಕೊಂಡಿದ್ದರೂ ಬದುಕುವ ಲಕ್ಷಣವಿತ್ತು. ಬದುಕದೆ ಹೋದದ್ದು ಒಂದೇ. ನನ್ನ ತಂದೆಯವರು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಅಮರಕೋಶವನ್ನು ಪೂರ್ತಿಯಾಗಿ ಬರೆದುಕೊಂಡು, ಪ್ರತಿಯೊಂದು ಶಬ್ದಕ್ಕೂ ನಮ್ಮ ಕಡೆಯ ಕನ್ನಡದ ಮಾತನ್ನು ಪಕ್ಕದಲ್ಲಿ ಗುರುತುಮಾಡಿದ್ದ ದಪ್ಪ ಹೊತ್ತಗೆ ಅದು. ಗಿಡಮರಗಳ ವರ್ಗದಲ್ಲಿ ಈಗ ಯಾರ ಬಾಯಲ್ಲಿಯೂ ಇಲ್ಲದ ಎಷ್ಟೋ ಹೆಸರುಗಳಿದ್ದವು. ಬೀರುವಿನ ಮೇಲಿನ ಅರೆಯಲ್ಲಿ, ಎಲ್ಲಕ್ಕಿಂತ ಸುರಕ್ಷಿತವೆಂದು ನಾನು ನಂಬಿದ್ದ ಸ್ಥಳದಲ್ಲಿ ಅದು ಇತ್ತು. ಶಾಯಿಯು ನೀರಿನಲ್ಲಿ ಕರಗಿ, ಪುಟಗಳೆಲ್ಲ ಮೋಡ ಕವಿದ ಆಕಾಶದಂತೆ ನೀಲಿಯಾಗಿದ್ದವು.

ಗುತ್ತಿಗೆದಾರರು ಮಧ್ಯಾಹ್ನ ಬಂದರು. ಕೋಣೆಯನ್ನು ನೋಡಿ, ತಲೆಯಾಡಿಸಿ, “ಮಳೆ ದೇವರದು, ಮೇಷ್ಟ್ರೇ. ಅದಕ್ಕೆ ನಾನೇನು ಮಾಡಲಿ?” ಎಂದರು.

ಪಾಠಶಾಲೆಯಲ್ಲಿ ಕಲಿತದ್ದು ಬಾಳಿನಲ್ಲಿ ಉಪಯೋಗಕ್ಕೆ ಬರುವುದಿಲ್ಲವೆಂದು ಹೇಳುವವರು ಈ ಸಂದರ್ಭವನ್ನು ಗಮನಿಸಬೇಕು. ದೇವರ ಮೇಲೆ ಹೊರೆ ಹೊರಿಸುವ ಈ ವಾದವು ಬಹು ಹಳೆಯದು. ಅದಕ್ಕೆ ಉತ್ತರವೂ ಅಷ್ಟೇ ಹಳೆಯದು. ಸಾಮಾನು ಹೊರುವವನು ಅದನ್ನು ಹಾಳುಮಾಡಿದರೆ, ಅದು ರಾಜನಿಂದ ಅಥವಾ ದೈವದಿಂದ ಆದ ಹಾನಿಯಲ್ಲದಿದ್ದರೆ, ಅವನೇ ತೆರಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವನು. ದೈವಿಕವೆಂದರೆ ಯಾವುದು? ಯಾರೂ ನಿರೀಕ್ಷಿಸಲಾಗದ್ದು, ನಿರೀಕ್ಷಿಸಿದರೂ ತಡೆಯಲಾಗದ್ದು. ಮಲೆನಾಡಿನಲ್ಲಿ ವೈಶಾಖದ ಕೊನೆಯಲ್ಲಿ ಬರುವ ಮಳೆ ಅಂಥದಲ್ಲ. ಮಳೆ ಬರುತ್ತದೆಂದೇ ಮಾಡನ್ನು ರಿಪೇರಿಗೆ ಕೊಟ್ಟದ್ದು. ಮಾಡನ್ನು ತೆರೆದವನು ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೆರೆದಿರಬೇಕು. ಇದನ್ನು ನಾನು ಶ್ಲೋಕವಿಲ್ಲದೆ ಹೇಳಿದೆ. ಅವರು ಉತ್ತರ ಕೊಡದೆ, ಮಾಡಿನ ಕಡೆಗೊಮ್ಮೆ ನೋಡಿ, ಹೊರಟುಹೋದರು.

ಇನ್ನು ನಮ್ಮ ಕಾಲದ ಶಾಸ್ತ್ರ. ಪಟ್ಟಣದಲ್ಲಿರುವ ಮಗಳು ದೂರವಾಣಿಯಲ್ಲಿ ಮೊದಲು ಹೇಳಿದ್ದು, ಏನನ್ನೂ ಗುಡಿಸಬೇಡಿ, ಎಲ್ಲದರ ಚಿತ್ರ ತೆಗೆಯಿರಿ ಎಂದು. ಅದರಂತೆ ಮಾಡಿನ ಸಡಿಲ ಅಂಚು, ಬಿದ್ದ ಹೆಂಚು, ಗೋಡೆ, ಹಲಗೆ ಎಲ್ಲವನ್ನೂ ಚಿತ್ರ ತೆಗೆದಿಟ್ಟೆವು. ಆಮೇಲೆ ನಾನು ಒಂದು ವಾರ ಕುಳಿತು ಕಾನೂನನ್ನು ಓದಿದೆ. ವಾಚಕರಿಗೆ ಇಂಥ ಅವಸ್ಥೆ ಬಾರದಿರಲಿ. ಬಂದಲ್ಲಿ ಉಪಯೋಗವಾಗಲೆಂದು ಅದರ ಸಾರವನ್ನು ಇಲ್ಲಿ ಬರೆಯುತ್ತೇನೆ.

1872ರ ಕರಾರು ಕಾಯಿದೆಯ 73ನೆಯ ಪ್ರಕರಣದಂತೆ, ಕರಾರನ್ನು ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕು. ದೂರದ, ಪರೋಕ್ಷವಾದ ನಷ್ಟವನ್ನಲ್ಲ. ನಷ್ಟವನ್ನು ಕಡಿಮೆಮಾಡಿಕೊಳ್ಳಲು ನಮ್ಮ ಕೈಯಲ್ಲಿದ್ದ ಉಪಾಯಗಳನ್ನೂ ಲೆಕ್ಕಹಾಕುವಾಗ ನೋಡಲಾಗುತ್ತದೆ. ಎಂದರೆ, ನೀರು ಇಳಿಯುತ್ತಿರುವಾಗ ಪುಸ್ತಕವನ್ನು ಇಳಿಸದೆ ಕೈಕಟ್ಟಿ ನಿಂತವನಿಗೆ ಪೂರ್ತಿ ಪರಿಹಾರ ದೊರೆಯುವುದು ಕಷ್ಟ. ಹೆಂಡತಿಯ ಮಾತು ಕಾನೂನಿಗೆ ಸಮ್ಮತವಾಗಿತ್ತೆಂದು ನನಗೆ ಆಗ ತಿಳಿಯಿತು.

ಎರಡನೆಯದು ಗ್ರಾಹಕರ ಕಾನೂನು. 1986ರ ಕಾಯಿದೆಯ ಸ್ಥಾನದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ 20ರಂದು ಜಾರಿಗೆ ಬಂದಿದೆ. ಹಣ ಪಡೆದು ಮಾಡುವ ರಿಪೇರಿಯೂ ಅದರ ಅರ್ಥದಲ್ಲಿ ಸೇವೆಯೇ. ಪುಕ್ಕಟೆಯಾಗಿ ಮಾಡಿದ್ದಕ್ಕೂ, ಯಜಮಾನನ ಅಂಕೆಯಲ್ಲಿ ದುಡಿಯುವ ಸ್ವಂತ ಆಳಿನ ಕೆಲಸಕ್ಕೂ ಅದು ಅನ್ವಯಿಸುವುದಿಲ್ಲ. ಸೇವೆಯಲ್ಲಿ ನ್ಯೂನತೆ ಅಥವಾ ಅಲಕ್ಷ್ಯ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ಕೊಡಬಹುದು; ವಕೀಲರೇ ಬೇಕೆಂಬ ಕಡ್ಡಾಯವಿಲ್ಲ; ಸೇವೆಗಾಗಿ ತೆತ್ತ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಕಾರಣ ಹುಟ್ಟಿದ 2 ವರ್ಷಗಳೊಳಗೆ ಕೊಡಬೇಕು. ದೂರಿಗೆ ಮುಂಚೆ 1915 ಎಂಬ ಸಂಖ್ಯೆಗೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆಯನ್ನು ಪಡೆಯಬಹುದು. ಇಷ್ಟೆಲ್ಲ ಸೌಕರ್ಯವಿದ್ದರೂ ಎಲ್ಲಕ್ಕೂ ಮೊದಲು ಮಾಡತಕ್ಕದ್ದು ಒಂದೇ: ಆದದ್ದು ಏನು, ನಷ್ಟ ಎಷ್ಟು, ಕೇಳುವುದು ಏನು, ಎಷ್ಟು ದಿನದೊಳಗೆ ಎಂಬುದನ್ನು ಶಾಂತವಾದ ಭಾಷೆಯಲ್ಲಿ ಬರೆದು ಎದುರು ಪಕ್ಷಕ್ಕೆ ತಲಪಿಸುವುದು.

ಆ ಪತ್ರವನ್ನು ಬರೆಯಲು ಕುಳಿತಾಗ ನನಗೆ ನಿಜವಾದ ಕಷ್ಟ ಎದುರಾಯಿತು.

ಮೊದಲ ಕರಡಿನಲ್ಲಿ ಹಲಗೆಗೆ 6,400, ಗಾರೆ ಬಣ್ಣಕ್ಕೆ 7,500, ಹೊಸ ಇನ್ವರ್ಟರಿಗೆ 16,000, ಒಟ್ಟು 29,900 ರೂಪಾಯಿ ಎಂದು ಬರೆದೆ. ಸಂಖ್ಯೆಯನ್ನು ನೋಡಿ ಮನಸ್ಸಿಗೆ ಒಂದು ಬಗೆಯ ಸುಖವೂ ಆಯಿತು. ಮರುದಿನ ಓದಿದಾಗ ಆ ಸುಖ ಕರಗಿತು. ಸತ್ತ ಇನ್ವರ್ಟರು ಏಳು ವರ್ಷದ ಮುದುಕ. ಅದರ ಬದಲು ಹೊಸದನ್ನು ಕೇಳುವುದು, ಮುದಿ ಎತ್ತು ಸತ್ತುದಕ್ಕೆ ಹೋರಿಯನ್ನು ಕೇಳಿದಂತೆ. ಸರಿ, 5,000 ಎಂದು ತಿದ್ದಿದೆ. ಆದರೆ ಅದಕ್ಕಿಂತ ಒಳಗಿನ ಮಾತೊಂದಿತ್ತು. ಕೆಲಸ ಆರಂಭವಾದ ದಿನ ಗುತ್ತಿಗೆದಾರರು ಒಂದು ಹೊಸ ಟಾರ್ಪಾಲು ತರಬೇಕೆಂದಿದ್ದರು. ನಾನೇ, “ಅದಕ್ಕೆ ಬೇರೆ ದುಡ್ಡೇಕೆ? ಅಡಕೆ ಒಣಗಿಸುವುದು ಇದೆಯಲ್ಲ” ಎಂದು ಅಟ್ಟದಿಂದ ಹಳೆಯದನ್ನು ಇಳಿಸಿಕೊಟ್ಟಿದ್ದೆ. ಅದರಲ್ಲಿ ಎರಡು ತೂತುಗಳಿದ್ದವು. ಅದು ಅವರಿಗೆ ತಿಳಿಯದು, ಕೆಲಸಗಾರರು ಗಮನಿಸಿರಲಿಲ್ಲ, ನನ್ನ ಹೆಂಡತಿಗೆ ಗೊತ್ತು, ನನಗೆ ಗೊತ್ತು.

ಏಣಿಯನ್ನು ಇಡಿಸಿ, ತಲೆ ತಿರುಗುವುದನ್ನು ಲೆಕ್ಕಿಸದೆ, ನಾಲ್ಕು ಮೆಟ್ಟಿಲು ಹತ್ತಿ ನೋಡಿದೆ. ಬೀರುವಿನ ಮೇಲೂ ಗೋಡೆಯ ಮೇಲೂ ಇಳಿದ ನೀರು ಹಗ್ಗ ಕಟ್ಟದೆ ಬಿಟ್ಟ ಅಂಚಿನದು, ಇದರಲ್ಲಿ ಸಂದೇಹವಿರಲಿಲ್ಲ. ಕಟ್ಟಿದ ಅಂಚಿನ ಕಡೆ ಟಾರ್ಪಾಲು ಹಾರಿರಲಿಲ್ಲ. ಅಲ್ಲಿ ನೀರು ಇಳಿದದ್ದು ತೂತಿನಿಂದ. ಆ ತೂತಿನ ನೇರ ಕೆಳಗೆ ಇದ್ದದ್ದು ಇನ್ವರ್ಟರು. ಕೆಳಗಿಳಿದು ಬಂದು ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆ. ಉಳಿದದ್ದು 13,900.

“ಹೊತ್ತಗೆಗೆ ಎಷ್ಟು ಬರೆದಿರಿ?” ಎಂದು ಹೆಂಡತಿ ಕೇಳಿದಳು. ಮಾನಸಿಕ ವೇದನೆಗೂ ಪರಿಹಾರ ಕೊಡಿಸುವುದುಂಟು, ಐವತ್ತು ಸಾವಿರ ಕೇಳಿ ಎಂದು ಮಗಳು ಹೇಳಿದ್ದಳು. ವೇದನೆ ಇರಲಿಲ್ಲವೆಂದಲ್ಲ. ಆದರೆ ಮೂವತ್ತು ವರ್ಷಗಳಿಂದ ಅದು ನನ್ನ ಬಳಿ ಇತ್ತು. ಒಂದು ಪ್ರತಿ ಮಾಡಿಸಬೇಕೆಂದು ಪ್ರತಿ ನವರಾತ್ರಿಯ ಸರಸ್ವತೀಪೂಜೆಯಲ್ಲಿ ಅದನ್ನು ಪೀಠದ ಮೇಲಿಡುವಾಗ ನೆನೆಯುತ್ತಿದ್ದೆ. ವಿಜಯದಶಮಿಯಂದು ಮತ್ತೆ ಬೀರುವಿಗೆ ಸೇರಿಸುತ್ತಿದ್ದೆ. ಆ ಒಂದು ರಾತ್ರಿಯ ಅಲಕ್ಷ್ಯಕ್ಕೆ ಬೆಲೆ ಕಟ್ಟಿದರೆ, ಈ ಮೂವತ್ತು ವರ್ಷದ ಅಲಕ್ಷ್ಯಕ್ಕೆ ಯಾರು ಕಟ್ಟುವವರು? ಪತ್ರದಲ್ಲಿ ಅದನ್ನು ಬರೆಯಲಿಲ್ಲ.

ಬಾಕಿ ಉಳಿದಿದ್ದ 18,000ದಲ್ಲಿ 13,900ನ್ನು ಲೆಕ್ಕ ತೀರುವವರೆಗೆ ತಡೆದಿಟ್ಟಿದ್ದೇನೆಂದೂ, ಕೆಲಸ ಮುಗಿದೊಡನೆ ಉಳಿದ 4,100ನ್ನು ಕೊಡುತ್ತೇನೆಂದೂ, ಒಪ್ಪದಿದ್ದರೆ 15 ದಿನಗಳ ಮೇಲೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆಂದೂ ಬರೆದು, ಹರಿದ ಟಾರ್ಪಾಲಿನ ವಿಷಯವನ್ನೂ ಸೇರಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಹತ್ತನೆಯ ದಿನ ಅವರೇ ಬಂದರು. “ನೀವು ತೂತಿನ ಮಾತು ಬರೆಯದೆ ಇದ್ದಿದ್ದರೆ ನಾನು ಜಗಳ ಆಡುತ್ತಿದ್ದೆ, ಮೇಷ್ಟ್ರೇ. ಬರೆದಿರಿ; ಇನ್ನೇನು ಹೇಳಲಿ?” ಎಂದು ಒಪ್ಪಿಕೊಂಡರು. ಕೆಲಸವೂ ಮುಗಿಯಿತು, ಲೆಕ್ಕವೂ ಮುಗಿಯಿತು. ಪ್ರಾಮಾಣಿಕತೆ ಲಾಭದಾಯಕವೆಂದು ನಾನು ಎರಡು ದಿನ ಬೀಗಿಕೊಂಡಿದ್ದೆ.

ಮೂರನೆಯ ದಿನ ಪೇಟೆಯ ಬಸ್ ನಿಲ್ದಾಣದಲ್ಲಿ ಆ ನಡುವಯಸ್ಸಿನ ಕೆಲಸಗಾರ ಸಿಕ್ಕಿದ. ನನ್ನನ್ನು ಕಂಡು ಬೀಡಿಯನ್ನು ಹಿಂದಕ್ಕೆ ಮರೆಮಾಡಿ ನಿಂತ. ಊರಿಗೆ ಹೊರಟಿರಾ ಎಂದು ಕೇಳಿದೆ. “ಹೆಂಗ ಹೋಗೂದ್ರಿ ಮಾಸ್ತರ? ಬಿತ್ತಿಗಿ ಹೊತ್ತಾತು. ಆದರ ಏಳು ದಿನದ ಪಗಾರ ಹಿಡದಾರ್ರಿ. ಹುಡುಗಂದೂ ಹಿಡದಾರ. ನಿಮ್ಮ ಮನೀದು ತುಂಬಬೇಕಲ್ರೀ” ಎಂದ. ಮಾತಿನಲ್ಲಿ ಕಹಿ ಇರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎಂಬಂತೆ ಹೇಳಿದ. ಆಮೇಲೆ, “ಹಗ್ಗ ಒಂದ ಇತ್ರಿ. ಇನ್ನೊಂದು ಬೇಡಿದ್ವಿ, ನಾಳಿ ತರ್ತೀನಂದ್ರು” ಎಂದ.

ನಾನು ಮನೆಗೆ ಬಂದು ಬಹಳ ಹೊತ್ತು ಜಗುಲಿಯಲ್ಲಿ ಕುಳಿತಿದ್ದೆ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಅದರ ಮೊದಲ ಅಧ್ಯಾಯ ಕಾರುಕರಕ್ಷಣ. ಸ್ಥಳ, ಕಾಲ, ಕೆಲಸ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು ಕುಶಲಕರ್ಮಿಗಳು ಕೆಲಸ ಮಾಡಬೇಕು. ಕಾಲ ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಆಕಸ್ಮಿಕ ವಿಪತ್ತುಗಳಲ್ಲಿ ಹೊರತು, ಕಳೆದದ್ದನ್ನೂ ಕೆಟ್ಟದ್ದನ್ನೂ ತುಂಬಿಕೊಡಬೇಕು ಎಂದು ಅಲ್ಲಿದೆ. ಈ ಗ್ರಂಥದ ಓಲೆಯ ಪ್ರತಿ ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಯಿತು. ನಮ್ಮ ಪಾಠಶಾಲೆಯ ಗುರುಗಳು ಈ ಸಮಾಸವನ್ನು ಬಿಡಿಸಿರೆಂದು ಒಮ್ಮೆ ನಮ್ಮನ್ನು ಕೇಳಿದ್ದರು. ಪಂಚಮಿಯಾದರೆ ಕಾರುಕರಿಂದ ಪ್ರಜೆಗಳ ರಕ್ಷಣೆ. ಷಷ್ಠಿಯಾದರೆ ಕಾರುಕರ ರಕ್ಷಣೆ. ಅಧ್ಯಾಯವೆಲ್ಲ ದಂಡಗಳಿಂದ ತುಂಬಿರುವುದನ್ನು ನೋಡಿ ನಾವು ಪಂಚಮಿಯೆಂದೆವು. ಶಾಮಶಾಸ್ತ್ರಿಗಳು ಇಂಗ್ಲಿಷಿನಲ್ಲಿ ಷಷ್ಠಿಯಂತೆ ಅನುವಾದಿಸಿದ್ದಾರೆಂದು ಗುರುಗಳು ಹೇಳಿ, ಮುಂದಿನ ಅಧ್ಯಾಯದಲ್ಲಿ ಕಾರುಕರ ಜೀವನೋಪಾಯಕ್ಕೆ ಗುಂಪುಕೂಡಿ ಧಕ್ಕೆ ತರುವವರಿಗೆ ಸಾವಿರ ಪಣಗಳ ದಂಡವಿದೆ, ಅದನ್ನೂ ನೋಡಿರಿ ಎಂದು ನಕ್ಕು ಪಾಠವನ್ನು ಮುಗಿಸಿದ್ದರು. ಆ ನಗೆಯ ಅರ್ಥ ನನಗೆ ಜಗುಲಿಯಲ್ಲಿ ಕುಳಿತಾಗ ಆಯಿತು.

ನನಗೆ ಸೇರಬೇಕಾದ ಹಣವನ್ನು ನಾನು ನ್ಯಾಯವಾಗಿಯೇ ಪಡೆದಿದ್ದೆ. ಪೈಸೆಯಷ್ಟೂ ಹೆಚ್ಚು ಕೇಳಿರಲಿಲ್ಲ. ಆದರೆ ನೀರು ಇಳಿಜಾರನ್ನು ಹುಡುಕಿಕೊಂಡು ಹರಿಯುವಂತೆ, ನಷ್ಟವೂ ಕೆಳಗೆ ಕೆಳಗೆ ಹರಿದು, ಇನ್ನು ಕೆಳಗೆ ಸ್ಥಳವಿಲ್ಲದ ಕಡೆಯಲ್ಲಿ ಹೋಗಿ ನಿಂತಿತ್ತು. ಹಗ್ಗ ಕೇಳಿದವನು ಹಗ್ಗವಿಲ್ಲದ್ದರ ಬೆಲೆ ತೆತ್ತಿದ್ದ.

ಮರುದಿನ ಗುತ್ತಿಗೆದಾರರ ಮನೆಗೆ ಹೋದೆ. “ನಿಮ್ಮ ದುಡ್ಡು ನಿಮಗೆ ಬಂತಲ್ಲ ಮೇಷ್ಟ್ರೇ, ನನ್ನ ಆಳುಗಳ ಲೆಕ್ಕ ನಿಮಗೇಕೆ?” ಎಂದು ಅವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ನಾನು ಹೇಳಿದೆ: “ಕರಾರು ಮಾಡಿಕೊಂಡವರು ನೀವು, ಲಾಭ ನಿಮ್ಮದು, ಹಗ್ಗ ತರಬೇಕಾದವರೂ ನೀವು. ಕೆಲಸಗಾರನ ಮಾತನ್ನು ಕೇಳದೆ ನಷ್ಟವನ್ನು ಅವನ ಕೂಲಿಯಲ್ಲಿ ಮುರಿಯಬಾರದೆಂಬುದು 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ನೀವು ಅವರನ್ನು ಕೇಳಿದಿರಾ?” ಅವರು ಸುಮ್ಮನಿದ್ದರು. ಬಹಳ ಹೊತ್ತಿನ ಮೇಲೆ, ಹೆಂಚು ಅಂಗಡಿಯವರಿಗೆ ತಾವು ಕೊಡಬೇಕಾದ ಸಾಲದ ಕಥೆಯನ್ನು ಹೇಳಿದರು. ಅದೂ ಸುಳ್ಳಾಗಿರಲಿಕ್ಕಿಲ್ಲ.

ಕೊನೆಗೆ ಹಿರಿಯವನಿಗೆ ಅವನ ಏಳು ದಿನದ ಕೂಲಿ ಸಂದಿತು. ಅವನೇ ಬಂದು ಹೇಳಿ ಊರಿಗೆ ಹೋದ. ಆ ಹುಡುಗ ಅಷ್ಟರಲ್ಲಿಯೇ ಬೇರೆಯವರೊಡನೆ ಕೆಲಸ ಹುಡುಕಿಕೊಂಡು ಹೋಗಿಬಿಟ್ಟಿದ್ದ. ಅವನ ಹಣವನ್ನು ಮುಟ್ಟಿಸುತ್ತೇನೆಂದು ಗುತ್ತಿಗೆದಾರರು ಮಾತು ಕೊಟ್ಟಿದ್ದಾರೆ. ನಾನು ಎರಡು ಸಲ ವಿಚಾರಿಸಿದ್ದೇನೆ. ಮೂರನೆಯ ಸಲವೂ ವಿಚಾರಿಸುವೆನು.

ತಂದೆಯವರ ಹೊತ್ತಗೆಯಲ್ಲಿ ಓದಲು ಬರುವಂತೆ ಉಳಿದಿದ್ದ ಐವತ್ತೆರಡು ಪುಟಗಳನ್ನು ಮಗಳು ಚಿತ್ರ ತೆಗೆದುಕೊಂಡು ಹೋಗಿದ್ದಾಳೆ. ಅಳಿಸಿಹೋದ ಗಿಡಗಳ ಹೆಸರುಗಳನ್ನು ನಾನು ಊರಿನ ಮುದುಕರನ್ನು ಕೇಳಿ ಕೇಳಿ ಒಂದು ಹೊಸ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ಈ ವರ್ಷ ಮತ್ತೆ ಹೆಂಚು ಕೈಯಾಡಿಸುವ ಕಾಲ ಬಂದಿತು. ಅದೇ ಗುತ್ತಿಗೆದಾರರೇ ಬಂದರು. ಈ ಸಲ ಮಾತೇ ಪತ್ರವಾಗಲಿಲ್ಲ. ಒಂದು ಹಾಳೆಯಲ್ಲಿ ಐದು ಸಾಲು ಬರೆದೆವು: ಎಲ್ಲಿ, ಎಂದು, ಏನು ಕೆಲಸ, ಹಣ ಯಾವ ಯಾವ ಕಂತಿನಲ್ಲಿ, ಸಂಜೆ ಬಿಡುವಾಗ ತೆರೆದ ಮಾಡನ್ನು ಮುಚ್ಚುವ ಹೊಣೆ ಯಾರದು, ಹೊಸ ಟಾರ್ಪಾಲು ಮನೆಯವರದು, ಹಗ್ಗ ಗುತ್ತಿಗೆದಾರರದು, ಹಾನಿಯಾದರೆ ಕೆಲಸಗಾರರನ್ನು ಕೇಳದೆ ಅವರ ಕೂಲಿಯನ್ನು ಮುಟ್ಟತಕ್ಕದ್ದಲ್ಲ. ಕೊನೆಯ ಸಾಲನ್ನು ಓದಿ ಅವರು ನನ್ನ ಮುಖವನ್ನೊಮ್ಮೆ ನೋಡಿ, ರುಜು ಹಾಕಿದರು. ಹಗ್ಗವನ್ನೂ ಎರಡು ಸುರುಳಿ ತಂದಿದ್ದರು.